‘ಎ ರೈಸಿನ್ ಇನ್ ದ ಸನ್’ ಅಮೆರಿಕ ದಾಟಿದ ಮೇಲೆ: ಎಲ್ಲೆಲ್ಲಿ ಆಡಿದರು, ಯಾವ ಪಠ್ಯ, ಎಲ್ಲಿ ತೊಡಕಾಯಿತು

ಮೂರನೇ ಬೆಲ್

ಲೊರೇನ್ ಹ್ಯಾನ್ಸ್‌ಬೆರಿಯ ಈ ನಾಟಕದ ಬ್ರಾಡ್‌ವೇ ಕತೆ ಯಾರನ್ನು ಕೇಳಿದರೂ ಸಿಗುತ್ತದೆ. (ನಾಟಕ ಗೊತ್ತಿಲ್ಲದವರಿಗೆ: ಶಿಕಾಗೋದ ಇಕ್ಕಟ್ಟಿನ ಮನೆಯಲ್ಲಿರುವ ಕಪ್ಪು ಕುಟುಂಬವೊಂದು, ತೀರಿದ ಅಪ್ಪನ ವಿಮೆ ಹಣದಲ್ಲಿ ಬಿಳಿಯರ ಬಡಾವಣೆಯಲ್ಲಿ ಮನೆ ಕೊಳ್ಳುವ ಕತೆ.) 1959ರ ಮಾರ್ಚ್ 11, ಎಥೆಲ್ ಬ್ಯಾರಿಮೋರ್ ಥಿಯೇಟರ್, ಲಾಯ್ಡ್ ರಿಚರ್ಡ್ಸ್ ನಿರ್ದೇಶನ, ಸಿಡ್ನಿ ಪಾಯ್ಟಿಯರ್, ಕ್ಲಾಡಿಯಾ ಮೆಕ್‌ನೀಲ್, ರೂಬಿ ಡೀ, ಡಯಾನಾ ಸ್ಯಾಂಡ್ಸ್. ಅಕ್ಟೋಬರಿನಲ್ಲಿ ಬೆಲಾಸ್ಕೊ ಥಿಯೇಟರಿಗೆ ಹೋಗಿ, 1960ರ ಜೂನ್ ತನಕ ಒಟ್ಟು 530 ಪ್ರದರ್ಶನ. ಹೊರದೇಶದ ಕತೆ ಮಾತ್ರ ಅಲ್ಲೊಂದು ಚೂರು ಇಲ್ಲೊಂದು ಚೂರು. ಇಲ್ಲಿ ಒಟ್ಟು ಮಾಡೋಣ ಅಂತ ಈ ಎಳೆ.

ಕೇಳಬೇಕಾದ್ದು ಇಷ್ಟು: ಯಾವ ಊರಲ್ಲಿ ಯಾರು ಆಡಿದರು? ಯಾವ ಪಠ್ಯ ಹಿಡಿದರು? ಬೇರೆ ಭಾಷೆಗೆ ಹೋದಾಗ ಏನು ಉದುರಿಹೋಯಿತು? ಕನ್ನಡದಲ್ಲಿ ಆಡುವ ಯೋಚನೆ ಇರುವವರಿಗೂ ಉಪಯೋಗವಾಗುವಂತೆ ಬರೆಯಿರಿ. ‘ಅದ್ಭುತ ನಾಟಕ’ ಎಂಬಷ್ಟೇ ಇರುವ ಉತ್ತರ ಬೇಡ, ಅದು ಎಲ್ಲರಿಗೂ ಗೊತ್ತು.

ಸೈಡ್‌ವಿಂಗ್

ಲಂಡನ್ನಿನಿಂದ ಶುರು ಮಾಡಬೇಕು. 1959ರ ಆಗಸ್ಟ್ 4, ಸ್ಟ್ರ್ಯಾಂಡ್ ರಸ್ತೆಯ ಅಡೆಲ್ಫಿ ಥಿಯೇಟರ್. ಬ್ರಾಡ್‌ವೇಯಲ್ಲಿ ಮೂಲ ತಂಡ ಇನ್ನೂ ಆಡುತ್ತಲೇ ಇತ್ತು, ಹಾಗಾಗಿ ಇಲ್ಲಿಗೆ ಬೇರೆಯೇ ತಂಡ ಕಟ್ಟಿದರು. ನಿರ್ದೇಶಕರು ಮಾತ್ರ ಅವರೇ, ಲಾಯ್ಡ್ ರಿಚರ್ಡ್ಸ್. ಮಗ ವಾಲ್ಟರ್ ಲೀ ಆಗಿ ಅರ್ಲ್ ಹೈಮನ್, ತಾಯಿ ಲೀನಾ ಆಗಿ ಹ್ವಾನಿಟಾ ಮೂರ್, ವಾಲ್ಟರನ ಹೆಂಡತಿ ರೂತ್ ಆಗಿ ಕಿಮ್ ಹ್ಯಾಮಿಲ್ಟನ್, ತಂಗಿ ಬೆನೀಥಾ ಆಗಿ ಓಲ್ಗಾ ಜೇಮ್ಸ್. ನಮ್ಮ ಬಡಾವಣೆಗೆ ಬರಬೇಡಿ ಎನ್ನಲು ಬರುವ ಬಿಳಿಯ ಲಿಂಡ್ನರ್ ಪಾತ್ರಕ್ಕೆ ವೇಲ್ಸ್‌ನ ಮೆರೆಡಿತ್ ಎಡ್ವರ್ಡ್ಸ್. ದಕ್ಷಿಣ ಆಫ್ರಿಕಾದಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ್ದ ಲಯನಲ್ ಎನ್ಗಕಾನೆ ಕೂಡ ತಂಡದಲ್ಲಿದ್ದರು.

ಈ ಪ್ರಯೋಗ ಬ್ರಾಡ್‌ವೇಯಷ್ಟು ಓಡಲಿಲ್ಲ. ನನ್ನ ಲೆಕ್ಕದಲ್ಲಿ ಅದಕ್ಕೆ ಒಂದು ಕಾರಣ ಕಟ್ಟಡವೇ. ಅಡೆಲ್ಫಿ ಸುಮಾರು 1,500 ಸೀಟಿನ ಜಾಗ, ಮ್ಯೂಸಿಕಲ್‌ಗಳಿಗೆ ಹೇಳಿ ಮಾಡಿಸಿದ್ದು. ಈ ನಾಟಕದ ಜೀವ ಇರುವುದು ಇಕ್ಕಟ್ಟಿನಲ್ಲಿ. ಐದು ಜನ, ಎರಡು ಮಲಗುವ ಜಾಗ, ಹುಡುಗನಿಗೆ ಸೋಫಾವೇ ಹಾಸಿಗೆ, ಸ್ನಾನದ ಮನೆ ಹೊರಗೆ ನಡುಹಾದಿಯಲ್ಲಿ, ಅದೂ ಪಕ್ಕದ ಮನೆಯವರ ಜೊತೆ ಹಂಚಿಕೊಂಡದ್ದು. ದೊಡ್ಡ ವೇದಿಕೆಯಲ್ಲಿ ಆ ಮನೆ ವಿಶಾಲವಾಗಿ ಕಂಡರೆ ಮೊದಲ ದೃಶ್ಯದ ಜಗಳಕ್ಕೆ ಕಾರಣವೇ ಉಳಿಯುವುದಿಲ್ಲ.

ಇನ್ನೊಂದು ಮಾತು: 1968ರ ಕಾಯಿದೆ ಬರುವ ತನಕ ಬ್ರಿಟನ್ನಿನಲ್ಲಿ ಪ್ರತಿ ನಾಟಕದ ಪ್ರತಿಯನ್ನೂ ಲಾರ್ಡ್ ಚೇಂಬರ್ಲಿನ್ ಕಚೇರಿಗೆ ಕೊಟ್ಟು ಪರವಾನಗಿ ಪಡೆಯಬೇಕಿತ್ತು. ಆ ಸಂಗ್ರಹ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. 1959ರಲ್ಲಿ ಲಂಡನ್ನಿನಲ್ಲಿ ಆಡಿದ ಮಾತು ಯಾವುದು ಎಂದು ಸಂಶೋಧನೆ ಮಾಡುವವರು ಅಚ್ಚಾದ ಪುಸ್ತಕಕ್ಕಿಂತ ಮೊದಲು ಅಲ್ಲಿ ಹುಡುಕಬೇಕು.

ಧಾರವಾಡ ಪೇಡೆ

ಒಂದು ತಪ್ಪು ಭಾಳ ಕಡೆ ಕಾಣಸ್ತದ ನೋಡ್ರಿ, ಲಂಡನ್ನಿನಾಗೂ ಪಾಯ್ಟಿಯರ್ರನ ಆಡಿದ್ರು ಅಂತ. ಅಲ್ಲಿ ಆಡಿದವರು ಅರ್ಲ್ ಹೈಮನ್. ಈ ಮನುಷ್ಯಾ ಸಾಮಾನ್ಯ ಅಲ್ಲರಿ. ನಾರ್ವೆ ಭಾಷಾ ಕಲಿತು, ಅಲ್ಲಿ ಬೆರ್ಗೆನ್ ಊರಾಗ ನಾರ್ವೇಜಿಯನ್ ಒಳಗ ಒಥೆಲೊ ಆಡ್ಯಾರ, 1963ರಾಗ.

ಆದ್ರ ಸೈಡ್‌ವಿಂಗ್ ಅವರು ಕಟ್ಟಡದ ಮಾತ ಹೇಳಿ ಬಿಟ್ರು, ಹೊರಗಿನ ಬೀದಿ ಬಿಟ್ರು. ನಾಟಕ ಏರೋದಕ್ಕ ಒಂದು ವರ್ಷ ಮುಂಚೆ ಲಂಡನ್ನಿನ ನಾಟಿಂಗ್ ಹಿಲ್ಲಿನಾಗ ಕಪ್ಪು ಜನರ ಮ್ಯಾಲ ನಡದ ಗಲಭೆ, 1958ರ ಆಗಸ್ಟ್ ಕೊನೀಗೆ ಚಾಲೂ ಆದದ್ದು. 1959ರ ಮೇ ತಿಂಗಳಾಗ ಅದ ನಾಟಿಂಗ್ ಹಿಲ್ಲಿನಾಗ ಆಂಟಿಗಾದಿಂದ ಬಂದಿದ್ದ ಕೆಲ್ಸೊ ಕಾಕ್ರನ್ ಅನ್ನೋ ಬಡಿಗ್ಯಾನ ಕೊಲಿ ಆತು. ಇನ್ನ ಆಗ ಬ್ರಿಟಿಷರ ಕೈಯಾಗಿದ್ದ ಕೀನ್ಯಾ. ಅಲ್ಲಿ ಹೋಲಾ ಬಂಧನ ಶಿಬಿರದಾಗ 11 ಕೈದಿಗಳನ್ನ ಬಡದು ಕೊಂದದ್ದು ಮಾರ್ಚ್ ತಿಂಗಳು. ಪಾರ್ಲಿಮೆಂಟಿನಾಗ ಅದರ ಮ್ಯಾಲ ರಾತ್ರಿ ಚರ್ಚಾ ನಡದದ್ದು ಜುಲೈ 27. ಅಡೆಲ್ಫಿ ಪರದೆ ಎದ್ದದ್ದು ಅದಾಗಿ ಎಂಟನೇ ದಿನಕ್ಕ.

ಈಗ ಎರಡನೇ ಅಂಕ ತಗೀರಿ. ಬೆನೀಥಾ ನೈಜೀರಿಯಾದ ಉಡುಪು ಹಾಕ್ಕೊಂಡು ಕುಣೀತಾಳ, ವಾಲ್ಟರ್ ಕುಡದು ಬಂದು ಟೇಬಲ್ ಏರಿ ಕೀನ್ಯಾ ಸ್ವಾತಂತ್ರ್ಯದ ಮುಂದಾಳು ಕೆನ್ಯಾಟಾನ ಹೆಸರು ಕೂಗ್ತಾನ. ನ್ಯೂಯಾರ್ಕಿನಾಗ ಅದು ದೂರದ ಹೆಸರು. ಲಂಡನ್ನಿನಾಗ ಆ ಕೆನ್ಯಾಟಾನ್ನ ಅದ ಸರ್ಕಾರ ಬಂಧನದಾಗ ಇಟ್ಟಿತ್ತು. ಒಂದ ಮಾತು, ಎರಡು ಊರಾಗ ಎರಡು ತೂಕ.

ಕಡಲತಡಿ

ಒಂದು ಸಂಶಯ ಉಂಟು. ಹ್ಯಾನ್ಸ್‌ಬೆರಿಯ ತಂದೆ ಕಾರ್ಲ್ ಅವರೇ ಸುಪ್ರೀಂ ಕೋರ್ಟಿನಲ್ಲಿ ಗೆದ್ದು, ಕಪ್ಪು ಜನರಿಗೆ ಮನೆ ಮಾರಬಾರದು ಎನ್ನುವ ಕರಾರನ್ನೇ ರದ್ದು ಮಾಡಿಸಿದರಲ್ಲ? ಹಾಗಾದರೆ ನಾಟಕದಲ್ಲಿ ಲಿಂಡ್ನರ್ ಬಂದು ಹೆದರಿಸುವುದು ಎಂತಕ್ಕೆ? ಹೊರದೇಶದ ವಿಮರ್ಶೆಗಳಲ್ಲೂ ಈ ಗೊಂದಲ ಇರುವ ಹಾಗೆ ಕಾಣುತ್ತದೆ.

ಪ್ರಾಂಪ್ಟರ್

ಗೆದ್ದದ್ದು ನಿಜ, ಕರಾರು ರದ್ದಾದದ್ದು ನಿಜವಲ್ಲ. ಕಾರ್ಲ್ ಹ್ಯಾನ್ಸ್‌ಬೆರಿ 1937ರಲ್ಲಿ ಶಿಕಾಗೋದ ರೋಡ್ಸ್ ಅವೆನ್ಯೂದಲ್ಲಿ ಮನೆ ಕೊಂಡರು. ಮೊಕದ್ದಮೆ ‘ಹ್ಯಾನ್ಸ್‌ಬೆರಿ ವರ್ಸಸ್ ಲೀ’ ಹೆಸರಿನಲ್ಲಿ 1940ರಲ್ಲಿ ತೀರ್ಮಾನವಾಯಿತು. ಅಲ್ಲಿ ಕೋರ್ಟು ಹೇಳಿದ್ದು ಇಷ್ಟೇ: ಹಿಂದಿನ ಬೇರೊಂದು ಮೊಕದ್ದಮೆಯಲ್ಲಿ ಹ್ಯಾನ್ಸ್‌ಬೆರಿಯವರ ಹಿತವನ್ನು ಯಾರೂ ಪ್ರತಿನಿಧಿಸಿರಲಿಲ್ಲ, ಹಾಗಾಗಿ ಆ ತೀರ್ಪಿಗೆ ಇವರನ್ನು ಕಟ್ಟಿಹಾಕುವಂತಿಲ್ಲ. ಅಂದರೆ ಕಾರ್ಯವಿಧಾನದ ಗೆಲುವು. ಇಂಥ ಕರಾರುಗಳನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂದದ್ದು 1948ರ ‘ಶೆಲ್ಲಿ ವರ್ಸಸ್ ಕ್ರೇಮರ್’.

ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. 1948ರ ನಂತರ ಲಿಂಡ್ನರ್ ಕೈಯಲ್ಲಿ ಕೋರ್ಟಿನ ಆದೇಶ ಇಲ್ಲ. ಅದಕ್ಕೇ ಅವನು ಬ್ರೀಫ್‌ಕೇಸ್ ಹಿಡಿದು, ಕೊಟ್ಟ ಬೆಲೆಗಿಂತ ಹೆಚ್ಚು ಕೊಟ್ಟು ಮನೆ ವಾಪಸ್ ಕೊಳ್ಳುತ್ತೇವೆ ಎಂದು ನಯವಾಗಿ ಹೇಳಲು ಬರುತ್ತಾನೆ. ಕಾನೂನು ಕೈಬಿಟ್ಟ ಮೇಲೆ ಉಳಿಯುವುದು ದುಡ್ಡು, ದುಡ್ಡಿಗೂ ಬಗ್ಗದಿದ್ದರೆ ಬಾಂಬು. ನಟ ಲಿಂಡ್ನರನನ್ನು ಮೀಸೆ ತಿರುವುವ ಖಳನಾಯಕನಾಗಿ ಆಡಿದರೆ ಈ ನಯ ಮಾಯವಾಗುತ್ತದೆ. ಅವನು ಸಂಘದ ಕಾರ್ಯದರ್ಶಿಯ ಧಾಟಿಯಲ್ಲೇ ಮಾತಾಡಬೇಕು. ನಮ್ಮ ಅಪಾರ್ಟ್‌ಮೆಂಟ್ ಸಂಘಗಳ ಸಭೆಗೆ ಹೋದವರಿಗೆ ಆ ಧಾಟಿ ಬಿಡಿಸಿ ಹೇಳಬೇಕಾಗಿಲ್ಲ.

ಹಣದ ಲೆಕ್ಕವನ್ನೂ ಹಾಕಿಬಿಡುತ್ತೇನೆ, ಅನುವಾದಗಳಲ್ಲಿ ಇದು ಪದೇ ಪದೇ ಕಲಸಿಹೋಗುತ್ತದೆ. ವಿಮೆಯ ಚೆಕ್ಕು 10,000 ಡಾಲರ್. ಮನೆಗೆ ಮುಂಗಡ 3,500. ಉಳಿದದ್ದು 6,500. ಅದರಲ್ಲಿ 3,000 ಬೆನೀಥಾಳ ವೈದ್ಯಕೀಯ ಓದಿಗೆ ಬ್ಯಾಂಕಿನಲ್ಲಿ ಇಡಬೇಕು, ಮಿಕ್ಕಿದ್ದು ವಾಲ್ಟರನ ಕೈಗೆ. ಅವನು ತನ್ನ ಪಾಲನ್ನಲ್ಲ, ಪೂರಾ 6,500ನ್ನೂ ಮದ್ಯದಂಗಡಿಯ ಪಾಲುದಾರನಾಗಬೇಕಿದ್ದ ವಿಲ್ಲಿ ಹ್ಯಾರಿಸ್‌ಗೆ ಕೊಟ್ಟು ಕಳೆಯುತ್ತಾನೆ. ಈ ಒಂದು ಸಂಖ್ಯೆ ಪ್ರೇಕ್ಷಕರ ಕಿವಿಗೆ ಬೀಳದಿದ್ದರೆ ಮೂರನೇ ಅಂಕದಲ್ಲಿ ತಂಗಿಯ ಸಿಟ್ಟು ವಿಪರೀತ ಎನಿಸುತ್ತದೆ. ಡಾಲರನ್ನು ರೂಪಾಯಿ ಮಾಡಲು ಹೋಗಬೇಡಿ. ಹತ್ತು ಸಾವಿರ, ಮೂರೂವರೆ ಸಾವಿರ, ಆರೂವರೆ ಸಾವಿರ, ಇಷ್ಟು ಕೇಳಿದರೆ ಸಾಕು.

ಸೈಡ್‌ವಿಂಗ್

ಪೇಡೆಯವರ ತಿದ್ದುಪಡಿ ಒಪ್ಪಿದೆ. ಬ್ರಿಟನ್ನಿನ ಮುಂದಿನ ಕತೆ:

1985ರಲ್ಲಿ ಬ್ಲ್ಯಾಕ್ ಥಿಯೇಟರ್ ಕೋ-ಆಪರೇಟಿವ್ ಇದನ್ನು ಕಿಲ್ಬರ್ನಿನ ಟ್ರೈಸಿಕಲ್ ಥಿಯೇಟರಿನಲ್ಲಿ ಆಡಿತು. ನಿರ್ದೇಶನ ಇವಾನ್ ಬ್ರೂಸ್ಟರ್, ತಾಯಿಯ ಪಾತ್ರ ಕಾರ್ಮೆನ್ ಮನ್ರೋ. ನನ್ನ ಮಟ್ಟಿಗೆ ಅಡೆಲ್ಫಿಗಿಂತ ಇದು ಮುಖ್ಯ. ಅಡೆಲ್ಫಿಯಲ್ಲಿ ಅಮೆರಿಕದ ನಟರನ್ನು ಕರೆಸಿದ್ದರು. ಇಲ್ಲಿ ಬ್ರಿಟನ್ನಿನಲ್ಲೇ ನೆಲೆ ಕಂಡ, ಕೆರೀಬಿಯನ್ ಮೂಲದ ಕಲಾವಿದರು ನಾಟಕವನ್ನು ತಮ್ಮದು ಮಾಡಿಕೊಂಡರು. ಬ್ರೂಸ್ಟರ್ ಮತ್ತು ಮನ್ರೋ ಇಬ್ಬರೂ ಅದರ ಬೆನ್ನಿಗೇ ತಲಾವಾ ರಂಗತಂಡ ಕಟ್ಟಿದವರಲ್ಲಿ ಸೇರಿದ್ದಾರೆ.

2001ರಲ್ಲಿ ಯಂಗ್ ವಿಕ್ ಮತ್ತು ಸಾಲ್ಸ್‌ಬರಿ ಪ್ಲೇಹೌಸ್ ಜಂಟಿಯಾಗಿ, ಡೇವಿಡ್ ಲ್ಯಾನ್ ನಿರ್ದೇಶನ, ವಾಲ್ಟರ್ ಆಗಿ ಲೆನಿ ಜೇಮ್ಸ್. 2010ರಲ್ಲಿ ಮ್ಯಾಂಚೆಸ್ಟರಿನ ರಾಯಲ್ ಎಕ್ಸ್‌ಚೇಂಜ್, ಮೈಕೆಲ್ ಬಫಾಂಗ್ ನಿರ್ದೇಶನ. ವಾಲ್ಟರ್ ರೇ ಫಿಯರನ್, ರೂತ್ ಜೆನಿ ಜೂಲ್ಸ್, ತಾಯಿ ಸ್ಟಾರ್ಲೆಟಾ ಡುಪ್ವಾ. ಈ ಡುಪ್ವಾ 1989ರ ಅಮೆರಿಕನ್ ಟೀವಿ ಪ್ರಯೋಗದಲ್ಲಿ ಡ್ಯಾನಿ ಗ್ಲೋವರ್ ಎದುರು ರೂತ್ ಆಗಿದ್ದವರು. ಸೊಸೆಯಾಗಿದ್ದವರು ಅತ್ತೆಯಾಗಿ ಮ್ಯಾಂಚೆಸ್ಟರಿಗೆ ಬಂದರು. 2016ರಲ್ಲಿ ಎಕ್ಲಿಪ್ಸ್ ತಂಡ ಡಾನ್ ವಾಲ್ಟನ್ ನಿರ್ದೇಶನದಲ್ಲಿ ಶೆಫೀಲ್ಡಿನಿಂದ ಹೊರಟು ಊರೂರು ಸುತ್ತಿತು. 2024ರಲ್ಲಿ ಹೆಡ್‌ಲಾಂಗ್ ತಂಡ, ಟಿನೂಕೆ ಕ್ರೇಗ್ ನಿರ್ದೇಶನ: ಲೀಡ್ಸ್, ಆಕ್ಸ್‌ಫರ್ಡ್, ಲಂಡನ್ನಿನ ಲಿರಿಕ್ ಹ್ಯಾಮರ್‌ಸ್ಮಿತ್, ನಾಟಿಂಗ್‌ಹ್ಯಾಮ್.

ಗಮನಿಸಿ, ಇದರಲ್ಲಿ ಹೆಚ್ಚಿನವು ಲಂಡನ್ನಿನ ದೊಡ್ಡ ವಾಣಿಜ್ಯ ರಂಗಮಂದಿರಗಳಿರುವ ವೆಸ್ಟ್ ಎಂಡ್ ಅಲ್ಲ. ಸಣ್ಣ ಜಾಗಗಳು, ಊರಿನ ರಂಗಮಂದಿರಗಳು, ಪ್ರವಾಸಗಳು. ನಾಟಕ ತನ್ನ ಅಳತೆಯ ಮನೆ ಹುಡುಕಿಕೊಂಡಿತು.

ಲೈಟ್‌ಕಂಬ

ರಂಗಸಜ್ಜಿಕೆ ಕಡೆಯಿಂದ ನಾಲ್ಕು ಮಾತು.

ರಾಯಲ್ ಎಕ್ಸ್‌ಚೇಂಜ್ ಸುತ್ತಲೂ ಪ್ರೇಕ್ಷಕರು ಕೂರುವ ರಂಗ. ಅಲ್ಲಿ ಗೋಡೆ ಎತ್ತುವ ಹಾಗಿಲ್ಲ. ಗೋಡೆ ಇಲ್ಲದೆ ಇಕ್ಕಟ್ಟು ತೋರಿಸುವುದು ಹೇಗೆ? ನೆಲದ ಅಳತೆಯಿಂದ. ಟೇಬಲ್ಲಿಗೂ ಸೋಫಾಕ್ಕೂ ನಡುವೆ ಒಬ್ಬರೇ ಹಾಯಬಹುದಾದ ಎರಡಡಿ ಬಿಟ್ಟರೆ, ಇಬ್ಬರು ಎದುರಾದಾಗ ಒಬ್ಬರು ಪಕ್ಕಕ್ಕೆ ಸರಿಯಲೇಬೇಕು. ನಟರಿಗೆ ಹೇಳಿಕೊಡಬೇಕಾಗಿಲ್ಲ, ಪೀಠೋಪಕರಣವೇ ನಿರ್ದೇಶನ ಮಾಡುತ್ತದೆ. ತಾಲೀಮಿನ ಮೊದಲ ದಿನವೇ ಈ ಅಳತೆಯನ್ನು ನೆಲಕ್ಕೆ ಟೇಪ್ ಹಚ್ಚಿ ಗುರುತು ಮಾಡಿ. ವಿಶಾಲ ಹಾಲಿನಲ್ಲಿ ತಾಲೀಮು ಮಾಡಿ ಕೊನೇ ವಾರ ಸೆಟ್ಟಿಗೆ ಬಂದರೆ ಇಡೀ ಚಲನೆ ಮತ್ತೆ ಮಾಡಬೇಕಾಗುತ್ತದೆ.

ಒಲೆ. ಮೊದಲ ದೃಶ್ಯದಲ್ಲಿ ರೂತ್ ನಿಜವಾಗಿ ಮೊಟ್ಟೆ ಮಾಡಬೇಕು. ವಾಸನೆ ಸಭಾಂಗಣಕ್ಕೆ ಹೋಗಬೇಕು, ಅದೇ ಆ ಮನೆಯ ಬೆಳಗು. ಗ್ಯಾಸ್ ಉರಿಗೆ ಅಗ್ನಿಶಾಮಕದವರ ಒಪ್ಪಿಗೆ ಸಿಗುವುದು ಕಷ್ಟ, ಆದ್ದರಿಂದ ಹಳೇ ಒಲೆಯ ಪೊಳ್ಳು ಚೌಕಟ್ಟಿನೊಳಗೆ ಎಲೆಕ್ಟ್ರಿಕ್ ಹಾಟ್‌ಪ್ಲೇಟ್ ಕೂರಿಸುತ್ತಾರೆ. ಇಲ್ಲಿ ಆಗುವ ಯಡವಟ್ಟು: ಹಾಟ್‌ಪ್ಲೇಟ್ ಕಾಯುವುದು ನಿಧಾನ. ಪರದೆ ಏಳುವ ಹತ್ತು ನಿಮಿಷ ಮುಂಚೆಯೇ ಹಚ್ಚಿಡಬೇಕು, ಇಲ್ಲದಿದ್ದರೆ ವಾಲ್ಟರನ ಮಾತು ಮುಗಿದರೂ ಮೊಟ್ಟೆ ಹಸಿಯಾಗೇ ಇರುತ್ತದೆ. ಅದಕ್ಕೆ ಬೇರೆಯೇ ಸರ್ಕ್ಯೂಟ್ ಕೊಡಿ, ದೀಪದ ಡಿಮ್ಮರ್ ಲೈನಿಗೆ ಸಿಕ್ಕಿಸಬೇಡಿ.

ಗಿಡ. ಲೀನಾಳ ಬಡಕಲು ಗಿಡ ಸಾಯದೆ, ಆದರೆ ಸೊಂಪಾಗಿ ಬೆಳೆಯದೆ ಇಡೀ ಪ್ರದರ್ಶನ ಸರಣಿ ಮುಗಿಸಬೇಕು. ದೀಪದ ಬಿಸಿಗೆ ಎಲೆ ಸುಡುತ್ತದೆ. ಒಂದೇ ಜಾತಿಯ ಎರಡು ಮೂರು ಕುಂಡ ಇಟ್ಟು ಸರದಿಯಲ್ಲಿ ಬಳಸಿ. ಕೊನೆಯಲ್ಲಿ ಅವಳು ಅದನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಹೊರಡಬೇಕು, ಹಾಗಾಗಿ ಸಣ್ಣ ಕುಂಡ, ಹಗುರ ಮಣ್ಣು.

ವಾಲ್ಟರ್ ಮತ್ತು ರೂತ್ ಮಗ, ಹುಡುಗ ಟ್ರಾವಿಸ್. ಬ್ರಿಟನ್ನಿನಲ್ಲಿ ಮಕ್ಕಳು ವೃತ್ತಿರಂಗಕ್ಕೆ ಬರಲು ಸ್ಥಳೀಯ ಆಡಳಿತದ ಪರವಾನಗಿ ಬೇಕು, ನೋಡಿಕೊಳ್ಳಲು ಒಬ್ಬರು ಜೊತೆಗಿರಬೇಕು, ಕೆಲಸದ ಸಮಯಕ್ಕೂ ಮಿತಿ ಇದೆ. ಅದಕ್ಕೇ ಒಂದೇ ಪಾತ್ರಕ್ಕೆ ಎರಡು ಮೂರು ಹುಡುಗರ ಹೆಸರು ಕಾಣುವುದು. ತಾಲೀಮಿನ ವೇಳಾಪಟ್ಟಿ ಹಾಕುವಾಗ ಅವನ ದೃಶ್ಯಗಳಿಗೆ ಆ ಲೆಕ್ಕದಲ್ಲೇ ಹೆಚ್ಚು ದಿನ ಹಿಡಿದಿಡಿ.

ವಿರಾಮ ಒಂದೇ ಕೊಡುವುದಾದರೆ ಎಲ್ಲಿ ಎಂಬುದೂ ತಲೆನೋವು. ಮೂರು ಅಂಕ, ಆರು ದೃಶ್ಯ. ಮೊದಲ ಅಂಕದ ಕೊನೆಗೆ ಕೊಟ್ಟರೆ ಉಳಿದದ್ದು ತೀರಾ ಉದ್ದ. ನನಗೆ ಹಿಡಿಸುವುದು ಎರಡನೇ ಅಂಕದ ಮೊದಲ ದೃಶ್ಯದ ಬಳಿಕ: ತಾಯಿ ಮನೆ ಕೊಂಡದ್ದು ಹೇಳಿಯಾಗಿದೆ, ಮಗ ಕುಸಿದಾಗಿದೆ. ಚಹಾ ಕುಡಿಯುವವರು ಯಾರು ಸರಿ ಎಂದು ಜಗಳವಾಡಲಿ.

ಮೂರನೇ ಬೆಲ್

ಅಂಗಡಿಯಲ್ಲಿ ಸಿಗುವ ಪುಸ್ತಕಗಳಲ್ಲಿ ಎರಡು ಥರದ ಪಠ್ಯ ಇದೆಯಲ್ಲ. ಯಾವುದು ಯಾವುದೆಂದು ಗುರುತಿಸುವುದು ಹೇಗೆ?

ಪ್ರಾಂಪ್ಟರ್

ಪಾತ್ರವರ್ಗದ ಪುಟ ತೆಗೆದು ‘ಮಿಸೆಸ್ ಜಾನ್ಸನ್’ ಎಂಬ ನೆರೆಮನೆಯಾಕೆ ಇದ್ದಾಳಾ ನೋಡಿ. ಇದ್ದರೆ ಅದು ಮರುಜೋಡಣೆಯಾದ ಪಠ್ಯ. ಇಲ್ಲದಿದ್ದರೆ 1959ರದ್ದು.

1959ರಲ್ಲಿ ಸಮಯ, ಖರ್ಚು ಎರಡರ ಒತ್ತಡದಲ್ಲಿ ಕೆಲವು ಭಾಗ ತೆಗೆದಿದ್ದರು. ಹ್ಯಾನ್ಸ್‌ಬೆರಿ 1965ರ ಜನವರಿ 12ರಂದು ತೀರಿಕೊಂಡರು, ಆಗ ಅವರಿಗೆ 34 ವರ್ಷ. ಅವರ ಸಾಹಿತ್ಯದ ಹೊಣೆ ಹೊತ್ತಿದ್ದ, ಹಿಂದೆ ಅವರ ಪತಿಯಾಗಿದ್ದ ರಾಬರ್ಟ್ ನೆಮಿರಾಫ್ 1980ರ ದಶಕದಲ್ಲಿ, ನಾಟಕಕ್ಕೆ 25 ತುಂಬಿದ ಹೊತ್ತಿಗೆ, ಅವನ್ನು ಮತ್ತೆ ಸೇರಿಸಿದರು. ಮುಖ್ಯವಾದವು ಮೂರು. ಮಿಸೆಸ್ ಜಾನ್ಸನ್ ಪತ್ರಿಕೆ ಹಿಡಿದು ಬಂದು, ಬಿಳಿಯರ ಬಡಾವಣೆಗೆ ಹೋದ ಕಪ್ಪು ಕುಟುಂಬದ ಮನೆಗೆ ಬಾಂಬು ಬಿದ್ದ ಸುದ್ದಿ ಹೇಳುವುದು. ಬೆನೀಥಾ ತನ್ನ ಕೂದಲನ್ನು ನೇರ ಮಾಡಿಸುವುದು ಬಿಟ್ಟು ಸಹಜವಾಗಿ ಕತ್ತರಿಸಿಕೊಂಡು ಬರುವುದು. ಟ್ರಾವಿಸ್ ಮತ್ತು ಬೀದಿ ಹುಡುಗರು ಹೆಗ್ಗಣ ಅಟ್ಟಿಸಿಕೊಂಡು ಹೋದದ್ದು.

ಜಾನ್ಸನ್ ದೃಶ್ಯ ನಗೆಯ ದೃಶ್ಯ, ಹಾಗಾಗಿ ಕತ್ತರಿ ಹಾಕಲು ಎಲ್ಲರಿಗೂ ಮೊದಲು ಕಾಣುವುದು ಅದೇ. ತೆಗೆದರೆ ಆಗುವ ನಷ್ಟ ಕೊನೆಯಲ್ಲಿ ಗೊತ್ತಾಗುತ್ತದೆ. ಸಾಮಾನು ಸಾಗಿಸುವವರು ಬಂದರು, ತಾಯಿ ಗಿಡ ಎತ್ತಿಕೊಂಡಳು, ಪ್ರೇಕ್ಷಕರು ‘ಅಬ್ಬ, ಸುಖಾಂತ’ ಎಂದು ಎದ್ದರು. ಬಾಂಬಿನ ಸುದ್ದಿ ಕೇಳಿದವರು ಹಾಗೆ ಏಳಲಾರರು. ಶಿಕಾಗೋ ಗೊತ್ತಿಲ್ಲದ ಊರಿನಲ್ಲಿ ಆಡುವವರಿಗೆ ಈ ದೃಶ್ಯ ಹೆಚ್ಚುವರಿ ಅಲ್ಲ, ಅತ್ಯಗತ್ಯ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೂದಲಿನ ದೃಶ್ಯ ಇಟ್ಟುಕೊಂಡರೆ ನಟಿಗೆ ಮೊದಲರ್ಧಕ್ಕೆ ನೇರ ಕೂದಲಿನ ವಿಗ್ ಬೇಕು, ಕೆಳಗೆ ಸ್ವಂತ ಗಿಡ್ಡ ಕೂದಲು. ವಿಗ್ ಕಳಚಿ, ಕೂದಲು ಸರಿಮಾಡಿಕೊಂಡು, ಉಡುಪಿನ ತಲೆವಸ್ತ್ರ ಸುತ್ತಿಕೊಂಡು ಬರುವಷ್ಟು ಸಮಯ ಒಳಗೆ ಸಿಗುತ್ತದೆಯೇ ಎಂದು ಗಡಿಯಾರ ಹಿಡಿದು ನೋಡಿ.

ಧಾರವಾಡ ಪೇಡೆ

ಹೆಸರಿನ ಅನುವಾದ ಯಾರೂ ಮುಟ್ಟಲಿಲ್ಲಲ್ಲ! ಲ್ಯಾಂಗ್‌ಸ್ಟನ್ ಹ್ಯೂಸ್ ಅವರ ‘ಹಾರ್ಲೆಮ್’ ಕವಿತಾದಿಂದ ಬಂದದ್ದು ಈ ಹೆಸರು, ಮುಂದ ಹಾಕಿದ ಕನಸು ಬಿಸಿಲಿಗೆ ಒಣದ್ರಾಕ್ಷಿಗತೆ ಬತ್ತತದೇನು ಅನ್ನೋ ಪ್ರಶ್ನಾ.

ಫ್ರೆಂಚ್ ಒಳಗ ‘ರೆಜಾಂ’ ಅಂದ್ರ ಹಸಿ ದ್ರಾಕ್ಷಿ. ಒಣಗಿದ್ದಕ್ಕ ‘ಸೆಕ್’ ಅಂತ ಬಾಲ ಹಚ್ಚಬೇಕು. ಇಂಗ್ಲಿಷ್ ಶಬ್ದ ನೋಡಿ ಹಂಗ ಇಟ್ರ ಬತ್ತಿದ್ದೆಲ್ಲಾ ಮತ್ತ ರಸ ತುಂಬಿ ಕುಂತಂಗ. ಸ್ವೀಡಿಷ್ ಹೆಸರು ‘ಎನ್ ದ್ರೂವಾ ಇ ಸೂಲೆನ್’, ಅದೂ ದ್ರಾಕ್ಷಿನ. 1961ರ ಸಿನಿಮಾಕ್ಕ ಇಟಲಿಯವರು ‘ಉನ್ ಗ್ರಾಪ್ಪೊಲೊ ದಿ ಸೋಲೆ’ ಅಂದ್ರು, ಬಿಸಿಲಿನ ಗೊಂಚಲು. ಬ್ರೆಝಿಲ್‌ನವರು ‘ಸೂರ್ಯ ಮತ್ತ ಬೆಳಗತಾನ’ ಅನ್ನೋ ಅರ್ಥದ್ದು ಇಟ್ರು. ಪ್ರಶ್ನಾ ಕೇಳಿದ್ರ ಉತ್ತರ ಬರದು ಕೊಟ್ಟಂಗಾತು. 2019ರಾಗ ಮಾಂಟ್ರಿಯಲ್‌ನ ದ್ಯೂಸೆಪ್ ರಂಗಮಂದಿರದವರು ದ್ರಾಕ್ಷಿ ಗೊಡವಿನ ಬಿಟ್ಟು ‘ಎರಿತಾಜ್’ ಅಂದ್ರು, ಅಂದ್ರ ಹಿರಿಯರಿಂದ ಬಂದ ಆಸ್ತಿ. ಅನುವಾದ ಮಿಶ್ಕಾ ಲವೀನ್, ನಿರ್ದೇಶನ ಮೈಕ್ ಪಯೆಟ್. ವಿಮಾ ರೊಕ್ಕನೂ ಆಸ್ತಿ, ಅಪ್ಪನ ಅಭಿಮಾನನೂ ಆಸ್ತಿ. ಎಲ್ಲಾದ್ರಾಗ ನನಗ ಇದ ಛಲೋ ಅನಸ್ತದ.

ಕನ್ನಡಕ್ಕ ಬಂದ್ರ ಒಂದು ಚೇಷ್ಟಾ ಐತಿ. ನಮ್ಮ ವಿಜಯಪುರ ಕಡೆ ಹಸರು ಮನೂಕ (ಒಣದ್ರಾಕ್ಷಿ) ಮಾಡೋದು ನೆರಳಾಗ! ಹಣ್ಣು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತ ಡಿಪ್ಪಿಂಗ್ ಆಯಿಲ್ ಕಲಸಿದ ನೀರಾಗ ಅದ್ದಿ, ಶೆಡ್ಡಿನ್ಯಾಗ ಜಾಳಗಿ ಮ್ಯಾಲ ಹರವಿ, ಹದಿನೈದು ದಿನದ ಆಜೂಬಾಜೂ ಒಣಗಸ್ತಾರ. ನೆಟ್ಟ ಬಿಸಿಲು ಬಿದ್ರ ಬಣ್ಣ ಕೆಂಪಾಗಿ ದರಾ ಬೀಳತದ. ಅಂದ್ರ ಬಿಸಿಲಿಗೆ ಬಿದ್ದ ಮನೂಕ ಅಂದ್ರ ನಮ್ಮ ರೈತಗ ಸೀದಾ ಲುಕ್ಸಾನ ಅಂತ ತಿಳೀತದ. ಹ್ಯೂಸ್ ಹೇಳಿದ್ದು ಅದನ್ನ ಅಲ್ಲೇನ್ರಿ?

ಕಡಲತಡಿ

ಮೊಟ್ಟೆ ವಿಷಯ ಹೇಳಿದ್ರಲ್ಲ, ಅದರ ಮಾತಿನಲ್ಲೂ ಮಜಾ ಉಂಟು. ಹೇಗೆ ಮಾಡಲಿ ಅಂತ ರೂತ್ ಕೇಳಿದರೆ, ಕಲಸಿದ್ದು ಒಂದು ಬೇಡ ಅಂತಾನೆ ವಾಲ್ಟರ್. ಅವಳು ಕಲಸಿಯೇ ಬಿಡ್ತಾಳೆ. ಕನ್ನಡದಲ್ಲಿ ‘ಬುರ್ಜಿ ಒಂದು ಬೇಡ’ ಅಂದರೆ ಮುಗೀತು.

ನಿಜವಾದ ಕಷ್ಟ ಬೇರೆ ಕಡೆ ಉಂಟು ಮಾರಾಯ್ರೆ. ರೂತ್ ಬಸುರಿ ಅಂತ ಗೊತ್ತಾಗುವ ದೃಶ್ಯ. ಡಾಕ್ಟರ ಬಗ್ಗೆ ಹೇಳುವಾಗ ಅವಳ ಬಾಯಿಂದ ‘ಶೀ’ ಅಂತ ಬಂದು ಬಿಡ್ತದೆ. ಅತ್ತೆಗೆ ತಕ್ಷಣ ಸಂಶಯ: ಹೆಂಗಸಾ? ಯಾವ ಡಾಕ್ಟರ ಹತ್ತಿರ ಹೋದದ್ದು ನೀನು? ಅವಳು ಹೋದದ್ದು ಕದ್ದು ಗರ್ಭ ತೆಗೆಸುವವಳ ಹತ್ತಿರ, 5 ಡಾಲರ್ ಮುಂಗಡ ಕೊಟ್ಟು. ಆಗ ಅದು ಅಲ್ಲಿ ಅಪರಾಧ. ಬ್ರಿಟನ್ನಿನಲ್ಲೂ 1967ರ ಕಾಯಿದೆ ಬರುವವರೆಗೆ ಹಾಗೇ.

ಈಗ ಕನ್ನಡದಲ್ಲಿ ಹೇಳಿ ನೋಡುವಾ. ‘ಡಾಕ್ಟ್ರು ಎಲ್ಲ ಸರಿ ಇದೆ ಅಂದ್ರು.’ ಗಂಡೋ ಹೆಣ್ಣೋ ಗೊತ್ತೇ ಆಗುವುದಿಲ್ಲ. ಸರಿ, ‘ಲೇಡಿ ಡಾಕ್ಟ್ರು’ ಅಂತ ಹಾಕಿದರೆ ಇನ್ನೂ ಕೆಟ್ಟಿತು. ಬಸುರಿ ಲೇಡಿ ಡಾಕ್ಟರ ಹತ್ತಿರ ಹೋಗದೆ ಮತ್ತೆ ಯಾರ ಹತ್ತಿರ ಹೋಗುವುದು, ನಮ್ಮಲ್ಲಿ ಅದರಲ್ಲಿ ಸಂಶಯ ಎಂತದ್ದು? ಚೀನೀ ಮಾತಿನಲ್ಲೂ ಅದೇ ಪಾಡು. ಅವನು, ಅವಳು ಎರಡಕ್ಕೂ ಉಚ್ಚಾರ ‘ತಾ’, ಬರೆದಾಗ ಮಾತ್ರ ಬೇರೆ.

ನನಗೆ ತೋಚಿದ ದಾರಿ ಗೌರವದ ಪ್ರತ್ಯಯದಲ್ಲಿ ಉಂಟು. ರೂತ್ ಮೊದಲು ‘ಡಾಕ್ಟ್ರು’ ಅನ್ನಲಿ. ಆಮೇಲೆ ಬಾಯಿ ತಪ್ಪಿ ‘ಎಲ್ಲ ಸರಿ ಹೋಗ್ತದೆ ಅಂದ್ಳು’ ಅಂತ ಬರಲಿ. ಯಾರೂ ಡಾಕ್ಟರಿಗೆ ‘ಅಂದ್ಳು’ ಅನ್ನುವುದಿಲ್ಲ. ಅತ್ತೆ ಅಲ್ಲೇ ಹಿಡಿಯುತ್ತಾಳೆ: ‘ಅಂದ್ಳಾ? ಯಾವ ಡಾಕ್ಟ್ರೇ ಅದು?’ ಮೂಲದಲ್ಲಿ ಲಿಂಗ ಮಾಡಿದ ಕೆಲಸವನ್ನು ಇಲ್ಲಿ ಮರ್ಯಾದೆ ಮಾಡ್ತದೆ.

ಮೂರನೇ ಬೆಲ್

‘ಅಂದ್ಳಾ?’ ಬಲೇ! ಇದೊಂದಕ್ಕೇ ಈ ಎಳೆ ಸಾರ್ಥಕ.

ಪಾತ್ರಧಾರಿಗಳ ಬಣ್ಣದ ಪ್ರಶ್ನೆಗೂ ಬರಬೇಕಲ್ಲ. ಕಪ್ಪು ನಟರು ಸಿಗದ ದೇಶದಲ್ಲಿ ಏನು ಮಾಡಿದರು?

ಸೈಡ್‌ವಿಂಗ್

‘ಸಿಗುವುದಿಲ್ಲ’ ಎಂಬ ಮಾತನ್ನೇ ಅನುಮಾನದಿಂದ ನೋಡಬೇಕು. ಸ್ವೀಡನ್ನಿನಲ್ಲಿ ರಿಕ್ಸ್‌ಟಿಯಾಟರ್ 2016ರಲ್ಲಿ ಜೋಸೆಟ್ ಬುಷೆಲ್-ಮಿಂಗೊ ನಿರ್ದೇಶನದಲ್ಲಿ ಕಪ್ಪು ಕಲಾವಿದರ ತಂಡವನ್ನೇ ಕಟ್ಟಿ ಆಡಿಸಿತು. ಸಿಡ್ನಿ ಥಿಯೇಟರ್ ಕಂಪನಿ 2022ರಲ್ಲಿ ಆಡಿದಾಗ, ಆಸ್ಟ್ರೇಲಿಯದ ಮುಖ್ಯವಾಹಿನಿಯ ದೊಡ್ಡ ಕಂಪನಿಯೊಂದು ಈ ನಾಟಕವನ್ನು ಎತ್ತಿಕೊಂಡದ್ದು ಅದೇ ಮೊದಲು, ಬ್ರಾಡ್‌ವೇ ಆಗಿ 63 ವರ್ಷದ ಮೇಲೆ. ನಿರ್ದೇಶಕ ವೆಸ್ಲಿ ಈನಕ್ ಅಲ್ಲಿನ ಮೂಲನಿವಾಸಿ ಸಮುದಾಯದವರು. ತಾಯಿ ಗೇಲ್ ಸ್ಯಾಮ್ಯುಯೆಲ್ಸ್, ವಾಲ್ಟರ್ ಬರ್ಟ್ ಲಬಾಂಟೆ, ರೂತ್ ಝಾರಾ ನ್ಯೂಮನ್. ಟೊರಾಂಟೊದಲ್ಲಿ ಸೋಲ್‌ಪೆಪ್ಪರ್ 2008ರಲ್ಲೇ ವೇನಿ ಮೆಂಗೇಶಾ ನಿರ್ದೇಶನದಲ್ಲಿ ಆಡಿ, ಎರಡು ವರ್ಷ ಬಿಟ್ಟು ಮತ್ತೆ ತಂದಿತು. ಎಲ್ಲ ಕಡೆಯೂ ನಟರಿದ್ದರು. ಕರೆಯುವವರು ಬೇಕಿತ್ತು.

ಇದಕ್ಕೆ ಎದುರಾಗಿ ಬರ್ಲಿನ್. ಲಿಂಡ್ನರ್ ಪಾತ್ರವನ್ನು ಎಳೆದು ಬ್ರೂಸ್ ನಾರಿಸ್ ಬರೆದ ‘ಕ್ಲೈಬೋರ್ನ್ ಪಾರ್ಕ್’ ನಾಟಕವನ್ನು ಡಾಯ್ಚೆಸ್ ಥಿಯೇಟರ್ ಆಡಲು ಹೊರಟು, ಕಪ್ಪು ಪಾತ್ರಕ್ಕೆ ಬಿಳಿ ನಟಿಯನ್ನು ಹಾಕಿತು. ವಿಷಯ ತಿಳಿದ ನಾರಿಸ್ ಹಕ್ಕನ್ನೇ ಹಿಂದಕ್ಕೆ ಪಡೆದರು. 2012ರಲ್ಲಿ ಅವರು ಬರೆದ ಬಹಿರಂಗ ಪತ್ರದಿಂದ ಇದು ದೊಡ್ಡ ಚರ್ಚೆಯಾಯಿತು. ಆ ನಾಟಕಕ್ಕೆ ಉತ್ತರವಾಗಿ ಕ್ವಾಮೆ ಕ್ವೇ-ಅರ್ಮಾ ಬರೆದ ‘ಬೆನೀಥಾಸ್ ಪ್ಲೇಸ್’ 2013ರಲ್ಲಿ ಬಾಲ್ಟಿಮೋರಿನಲ್ಲಿ, 2023ರಲ್ಲಿ ಲಂಡನ್ನಿನ ಯಂಗ್ ವಿಕ್‌ನಲ್ಲಿ ಬಂತು. ಅದರಲ್ಲಿ ಬೆನೀಥಾ ತನ್ನ ನೈಜೀರಿಯಾದ ಗೆಳೆಯ ಅಸಗಾಯ್ ಜೊತೆ ಲಾಗೋಸಿಗೆ ಹೋಗಿದ್ದಾಳೆ.

ಬೀಜಿಂಗ್ ಮೂರನೇ ದಾರಿ. 2020ರಲ್ಲಿ ಬೀಜಿಂಗ್ ಪೀಪಲ್ಸ್ ಆರ್ಟ್ ಥಿಯೇಟರ್‌ನಲ್ಲಿ ಯಿಂಗ್ ದಾ ನಿರ್ದೇಶನ, ಅವರ ತಾಯಿ ವೂ ಶೀಲಿಯಾಂಗ್ ಮಾಡಿಟ್ಟಿದ್ದ ಅನುವಾದ. ನಟರೆಲ್ಲ ಚೀನೀಯರು, ಮುಖಕ್ಕೆ ಮಸಿ ಬಳಿಯಲಿಲ್ಲ. ಇದಕ್ಕೊಂದು ಹಿನ್ನೆಲೆ ಇದೆ. 1983ರಲ್ಲಿ ಅದೇ ಸಂಸ್ಥೆಯಲ್ಲಿ ಆರ್ಥರ್ ಮಿಲ್ಲರ್ ಬಂದು ‘ಡೆತ್ ಆಫ್ ಎ ಸೇಲ್ಸ್‌ಮನ್’ ಮಾಡಿಸಿದಾಗ, ಅಮೆರಿಕನ್ನರ ಅನುಕರಣೆ ಬೇಡ, ನೀವು ನೀವಾಗೇ ಆಡಿ ಎಂದಿದ್ದರು. ಆಗ ವಿಲ್ಲಿ ಲೋಮನ್ ಆಗಿದ್ದವರು ಯಿಂಗ್ ದಾ ಅವರ ತಂದೆ ಯಿಂಗ್ ರುವೊಚೆಂಗ್.

ಲೈಟ್‌ಕಂಬ

ಕನ್ನಡದಲ್ಲಿ ಆಡುವವರಿಗೆ ಬೀಜಿಂಗಿನದೇ ದಾರಿ. ಬಣ್ಣ ಬಳಿಯುವುದು, ಗುಂಗುರು ವಿಗ್ ಹಾಕುವುದು, ಮೊದಲೇ ಬೇಡ ಎಂದುಬಿಡಿ.

ಕಡಲತಡಿ

ಅಷ್ಟೆಲ್ಲ ಕಷ್ಟ ಯಾಕೆ, ಇಲ್ಲಿಯ ಕೇರಿಗೇ ಕತೆ ತಂದುಬಿಟ್ಟರೆ? ಮನೆ ಬಾಡಿಗೆಗೆ ಕೇಳಿದರೆ ಜಾತಿ ಕೇಳುವ ಊರು ನಮ್ಮದು, ಹೊಂದುತ್ತದೆ.

ಪ್ರಾಂಪ್ಟರ್

ಹೊಂದುವುದು ಅರ್ಧ. ಅಸಗಾಯ್ ಎಲ್ಲಿಂದ ಬರುತ್ತಾನೆ? ಅವನು ಸ್ವಾತಂತ್ರ್ಯದ ಹೊಸ್ತಿಲಲ್ಲಿರುವ ನೈಜೀರಿಯಾದ ಹುಡುಗ. ನಾಟಕ ಬಂದದ್ದು 1959, ಆ ದೇಶಕ್ಕೆ ಸ್ವಾತಂತ್ರ್ಯ 1960ರ ಅಕ್ಟೋಬರ್ 1. ಆಫ್ರಿಕಾದಿಂದ ಕಿತ್ತು ತಂದವರ ಮೊಮ್ಮಗಳು ಆ ಹುಡುಗನಲ್ಲಿ ತನ್ನ ಬೇರು ಹುಡುಕುತ್ತಾಳೆ. ಕೇರಿಗೆ ತಂದರೆ ಈ ಎಳೆ ಪೂರ್ತಿ ಕಡಿಯುತ್ತದೆ, ಲಿಂಡ್ನರ್ ಒಬ್ಬನೇ ಉಳಿಯುತ್ತಾನೆ. ರೂಪಾಂತರ ಬೇಕೆನ್ನುವವರು ಸ್ವಂತ ನಾಟಕ ಬರೆಯಲಿ, ಅದು ಹೆಚ್ಚು ಪ್ರಾಮಾಣಿಕ. ಇದನ್ನು ಶಿಕಾಗೋದಲ್ಲೇ ಬಿಡಿ, ಮಾತು ಮಾತ್ರ ಕನ್ನಡವಾಗಲಿ.

ಹಕ್ಕಿನ ವಿಚಾರವನ್ನೂ ಹೇಳಿಬಿಡುತ್ತೇನೆ, ಇಲ್ಲಿ ಎಲ್ಲರೂ ಎಡವುತ್ತಾರೆ. ಭಾರತದಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಹ್ಯಾನ್ಸ್‌ಬೆರಿ ತೀರಿದ್ದು 1965, ಅಂದರೆ 2025ರ ಕೊನೆಗೆ ಮುಗಿದು 2026ರ ಜನವರಿ 1ರಿಂದ 1959ರ ಪಠ್ಯ ಇಲ್ಲಿ ಮುಕ್ತ. ಆದರೆ ಮರಣಾನಂತರ ಮೊದಲ ಬಾರಿ ಅಚ್ಚಾದ ಬರಹಕ್ಕೆ 60 ವರ್ಷದ ಎಣಿಕೆ ಶುರುವಾಗುವುದು ಅಚ್ಚಾದಲ್ಲಿಂದ. ಹಾಗೆ ನೋಡಿದರೆ ಮಿಸೆಸ್ ಜಾನ್ಸನ್ ದೃಶ್ಯ 2040ರ ದಶಕದ ತನಕ ಬಂದಿ. ನಾನೇ ಅತ್ಯಗತ್ಯ ಎಂದ ದೃಶ್ಯಕ್ಕೇ ಬೀಗ! ಅದನ್ನು ಬಳಸುವುದಾದರೆ ಅನುಮತಿ ಪಡೆಯಿರಿ. ಹ್ಯೂಸ್ ತೀರಿದ್ದು 1967, ಅವರ ಕವಿತೆಯನ್ನು ಕರಪತ್ರದಲ್ಲಿ ಅಚ್ಚು ಹಾಕಲು 2027ರ ಕೊನೆಯ ತನಕ ಕಾಯಬೇಕು.

ಇದು ಭಾರತದೊಳಗಿನ ಲೆಕ್ಕ ಮಾತ್ರ. ಬ್ರಿಟನ್ನಿನಲ್ಲಿ ಮರಣಾನಂತರ 70 ವರ್ಷ, ಅಂದರೆ 2035ರ ಕೊನೆ. ಅಮೆರಿಕದಲ್ಲಿ 1959ರ ಕೃತಿಗೆ 95 ವರ್ಷ, 2054ರ ಕೊನೆ. ಅಲ್ಲಿನ ಕನ್ನಡ ಸಂಘದವರು ಕನ್ನಡದಲ್ಲೇ ಆಡಿದರೂ ಕಾನ್‌ಕಾರ್ಡ್ ಥಿಯೇಟ್ರಿಕಲ್ಸ್‌ನವರಿಂದ ಪರವಾನಗಿ ತೆಗೆದುಕೊಳ್ಳಬೇಕು. ಅನುವಾದಕ್ಕೆ ಒಂದು ಅನುಮತಿ, ಪ್ರದರ್ಶನಕ್ಕೆ ಇನ್ನೊಂದು. ಎರಡನ್ನೂ ಕೇಳಿ, ಹಾಲ್ ಬುಕ್ ಮಾಡುವ ಮೊದಲು.

ಧಾರವಾಡ ಪೇಡೆ

ಬಾಂಬಿನ ಸುದ್ದಿಗೆ ಕೀಲಿ ಬಿದ್ರ ಬಿಡ್ರಿ. 1959ರ ಪಠ್ಯದಾಗ ಲಿಂಡ್ನರ್ ಇನ್ನೂ ಅದಾನಲ್ಲ. ಹೋಗು ಮುಂದ ‘ಮುಂದ ಏನಾಗತದ ಅಂತ ನಿಮಗ ಗೊತ್ತಿರಲಿ’ ಅನ್ನೋ ಧಾಟಿಯಾಗ ಒಂದು ಮಾತು ಹೇಳಿ ಹೋಗ್ತಾನ. ಅದನ್ನ ಗದ್ದಲದಾಗ ನುಂಗಸಬ್ಯಾಡ್ರಿ. ಸಾಮಾನು ಎಳೆಯೋರನ್ನ ಅಂವ ಹೋದ ಮ್ಯಾಲೇನ ಒಳಗ ಬಿಡ್ರಿ.